ಗುಲಾಬಿ ಅಂಗಿಯವರ ರಗ್ಬಿ ಕಪ್

ಕಾರ್ಖಾನೆಗಳ ಕ್ರೀಡಾ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕೈಯಲ್ಲಿ ಪದವಿ, ಕೊರಳಲ್ಲಿ ಹೊಸ ವಿಷಲ್, ಮುಖದ ತುಂಬ ಉತ್ಸಾಹ. "ಮೇಡಂ, ಕೆಲಸ ಹೇಗಿರುತ್ತೆ?" ಎಂದು ಕೇಳುತ್ತಾರೆ. ಕಾಫಿ ಕೊಟ್ಟು ಕೂರಿಸಿ ಹೇಳುತ್ತೇನೆ: ಆಟಗಾರರನ್ನು ಆಡಿಸುವುದು ಈ ಕೆಲಸದಲ್ಲಿ ನಾಲ್ಕಾಣೆ, ಆಫೀಸರುಗಳನ್ನು ಆಡಿಸುವುದು ಹನ್ನೆರಡಾಣೆ. ಅವರು ನಗುತ್ತಾರೆ. ನಗಲಿ, ಆರು ತಿಂಗಳು ಹೋದಮೇಲೆ ಅವರೇ ಫೋನ್ ಮಾಡುತ್ತಾರೆ.

ನನಗೆ ಯಾವಾಗ ಯಾವ ಬಡ್ತಿ ಬಂತು ಎಂದು ಬರೆಯಲು ಕೂತಿಲ್ಲ. ಬಂದಾಗಲೆಲ್ಲ ಮೈಸೂರುಪಾಕು ಹಂಚಿದ್ದೇನೆ, ತಿಂದವರು ಮರೆತಿದ್ದಾರೆ. ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಗೆ ಕಬಡ್ಡಿ ಆಟಗಾರ್ತಿಯಾಗಿ ಸೇರಿದೆ, ಆಮೇಲೆ ಅಲ್ಲೇ ಕಬಡ್ಡಿ ಕಲಿಸಿದೆ, ಸ್ಟಾಫ್ ಕಾಲೊನಿಯಲ್ಲೇ ಮಕ್ಕಳನ್ನು ಬೆಳೆಸಿದೆ. ಇಷ್ಟು ಸಾಕು. ನಾನು ಹೇಳಬೇಕೆಂದಿರುವುದು ನಮ್ಮ ಕಬಡ್ಡಿ ಹುಡುಗರು ರಗ್ಬಿ ಆಡಿದ ಒಂದು ವರ್ಷದ ಕಥೆ. ಈಗಲೂ ಒಬ್ಬಳೇ ಕೂತಾಗ ನೆನಪಾಗಿ ನಗು ಬಂದು, ಸೊಸೆ ಅಡುಗೆಮನೆಯಿಂದ ಇಣುಕಿ ನೋಡುತ್ತಾಳೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಮಗೆ ಹೊಸ ಜನರಲ್ ಮ್ಯಾನೇಜರ್ ಬಂದರು. ಯಂತ್ರಗಳ ತರಬೇತಿಗೆಂದು ಇಂಗ್ಲೆಂಡಿನ ಉತ್ತರದ ಯಾವುದೋ ಊರಿನಲ್ಲಿ ಇದ್ದು ಬಂದವರು. ಬೇರೆಯವರು ಅಲ್ಲಿಂದ ಸ್ವೆಟರು, ಚಾಕೊಲೇಟು ತಂದರೆ ಇವರು ರಗ್ಬಿ ಹುಚ್ಚು ತಂದರು. ಅದೂ ಹದಿನೈದು ಜನರ ರಗ್ಬಿಯಲ್ಲ, ಹದಿಮೂರು ಜನ ಆಡುವ ರಗ್ಬಿ ಲೀಗ್. ಬೆಂಗಳೂರಿನಲ್ಲಿ ಅದನ್ನು ಆಡುವವರಿರಲಿ, ಕೇಳಿದವರೂ ಇರಲಿಲ್ಲ. ಆದರೆ ಸಾಹೇಬರು ಬಿಡುವ ಆಸಾಮಿಯಲ್ಲ. ಸಂಜೆ ಸಂಜೆ ಕಂಟೋನ್ಮೆಂಟಿನ ಕ್ಲಬ್ಬುಗಳಲ್ಲಿ ಕೂತು, ಅವರಿವರನ್ನು ಒಪ್ಪಿಸಿ, ಎಂಟು ತಂಡಗಳ ಒಂದು ನಾಕೌಟ್ ಕಪ್ ಶುರುಮಾಡಿಸಿಯೇಬಿಟ್ಟರು. ನಾಕೌಟ್ ಅಂದರೆ ಸೋತವರು ಅವತ್ತೇ ಮನೆಗೆ. ಮೂರು ಆಟ ಗೆದ್ದರೆ ಕಪ್.

ಒಂದು ದಿನ ನನ್ನನ್ನು ಕರೆಸಿದರು.

"ಸರೋಜಾ ಅವ್ರೇ, ನಿಮ್ದು ಕಬಡ್ಡಿ ಅಲ್ವಾ?"

"ಹೌದು ಸಾರ್."

"ಇದೂ ಅದೇ ಕಣ್ರೀ. ಹಿಡೀಬೇಕು, ಕೆಡವ್ಬೇಕು. ಮಧ್ಯೆ ಒಂದು ಬಾಲ್ ಇರುತ್ತೆ, ಅಷ್ಟೇ."

"ಸಾರ್, ನಾನು ಆ ಬಾಲನ್ನೇ ನೋಡಿಲ್ಲ."

"ಕ್ಯಾಸೆಟ್ ಕೊಡ್ತೀನಿ, ನೋಡ್ಕೊಳ್ಳಿ."

ಹೊಸಬರೇ, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೇಲಿನವರು "ಅಷ್ಟೇ" ಅಂದರೆ ಅಲ್ಲಿಂದಲೇ ನಿಮ್ಮ ಗ್ರಹಚಾರ ಶುರು.

ಅಲ್ಲಿಯವರೆಗೆ ನನ್ನ ಕಲಿಕೆ ಕಲಿಸುವಿಕೆ ಎಲ್ಲ ವಿಷಲ್ಲು, ಬೆತ್ತ ಮತ್ತು ಬೈಗುಳದಲ್ಲಿ ನಡೆದಿತ್ತು. ಈಗ ಕ್ಯಾಂಟೀನಿನ ಟಿವಿಗೆ ವಿಸಿಆರ್ ಸಿಕ್ಕಿಸಿ, ಹುಡುಗರನ್ನು ಬೆಂಚಿನ ಮೇಲೆ ಕೂರಿಸಿ, ನಾನೂ ಅವರ ಜೊತೆ ಬಾಯಿ ಬಿಟ್ಟುಕೊಂಡು ಕೂತೆ. ನಾಲ್ಕು ಸಲ ನೋಡಿದಮೇಲೆ ಇಷ್ಟು ಅರ್ಥವಾಯಿತು. ಚೆಂಡು ಹಿಡಿದು ಮುಂದಕ್ಕೆ ಓಡಬೇಕು, ಆದರೆ ಜೊತೆಗಾರನಿಗೆ ಕೊಡುವಾಗ ಹಿಂದಕ್ಕೇ ಎಸೆಯಬೇಕು. ಎದುರಾಳಿ ಹಿಡಿದರೆ ಎದ್ದು ಮತ್ತೆ ಆಡಬಹುದು, ಆದರೆ ಆರು ಸಲ ಹಿಡಿಸಿಕೊಂಡರೆ ಚೆಂಡು ಅವರದು. ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, ಅದಕ್ಕೆ ನಾಲ್ಕು ಅಂಕ, ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೆರಡು. ಹುಡುಗರಿಗೆ ಹಿಡಿಯುವ ಭಾಗ ಬಹಳ ಹಿಡಿಸಿತು. ಉಳಿದದ್ದೆಲ್ಲ ಬಿಳಿಯರ ತಲೆಹರಟೆ ಎಂದು ತೀರ್ಮಾನ ಮಾಡಿದರು.

ಆ ಹುಡುಗರಲ್ಲಿ ಮುನಿಸ್ವಾಮಿ ಎಂಬವನೊಬ್ಬನಿದ್ದ. ಕ್ಯಾಂಟೀನಿನಲ್ಲಿ ದಿನಗೂಲಿ. ದಿನಾ ಮಧ್ಯಾಹ್ನ ದೊಡ್ಡ ಕೊಳಗದಲ್ಲಿ ರಾಗಿ ಹಿಟ್ಟು ತೊಳಸಿ ಮುದ್ದೆ ಕಟ್ಟಿ ಕಟ್ಟಿ ಅವನ ತೋಳು ಒನಕೆಯ ಹಾಗಾಗಿತ್ತು. ಕಾರ್ಖಾನೆ ಕಟ್ಟುವ ಮುಂಚೆ ಆ ಜಾಗವೆಲ್ಲ ಅವನ ಊರಿನವರ ಹೊಲ. ತಾತ ರಾಗಿ ಬೆಳೆದ ನೆಲದಲ್ಲೇ ಮೊಮ್ಮಗ ಮುದ್ದೆ ಕಟ್ಟುತ್ತಿದ್ದ, ಅದೂ ಪರ್ಮನೆಂಟ್ ಇಲ್ಲದೆ. ಹೆಣ್ಣು ನೋಡಲು ಹೋದ ಕಡೆಯೆಲ್ಲ ಉಪ್ಪಿಟ್ಟು ಕೊಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: "ಪರ್ಮನೆಂಟಾ?" ಇವನು ಉಪ್ಪಿಟ್ಟು ತಿಂದು ವಾಪಸ್ಸು ಬರುತ್ತಿದ್ದ. ನನ್ನ ಕಬಡ್ಡಿ ತಂಡದಲ್ಲಿ ಅವನಷ್ಟು ಒಳ್ಳೆಯ ರೈಡರ್ ಇನ್ನೊಬ್ಬನಿರಲಿಲ್ಲ.

ಅವನ ವಿಷಯ ಸಾಹೇಬರ ಕಿವಿಗೆ ಹಾಕಿದೆ. ಅವರು ಉದಾರವಾಗಿ ಕೈ ಬೀಸಿದರು. "ಕಪ್ ತನ್ನಿ. ಹುಡುಗನ್ನ ಸ್ಪೋರ್ಟ್ಸ್ ಕೋಟಾದಲ್ಲಿ ತಗೊಂಬಿಡ್ತೀನಿ. ಆದ್ರೆ ಈ ವರ್ಷವೇ ಆಗ್ಬೇಕು. ಮುಂದಿನ ವರ್ಷದಿಂದ ನೇಮಕಾತಿನೇ ಬಂದ್ ಅಂತ ಡೆಲ್ಲಿಯಿಂದ ಹೇಳ್ತಿದ್ದಾರೆ."

ಮುನಿಸ್ವಾಮಿಗೆ ಹೇಳಿದೆ. ಅವನು ಸೌಟು ಕೆಳಗಿಟ್ಟು, "ಅಂದ್ರೆ ಒಂದು ಆಟ ಸೋತ್ರೆ ಮುಗೀತಾ ಅಕ್ಕಾ?" ಎಂದ. ಹೆದರಿದಾಗ ಮಾತ್ರ ಅವನಿಗೆ ನಾನು ಅಕ್ಕ, ಉಳಿದಂತೆ ಮೇಡಂ. "ಮುಗೀತು," ಎಂದೆ. ಅವತ್ತು ಮುದ್ದೆಯಲ್ಲಿ ಉಪ್ಪು ಜಾಸ್ತಿಯಾಗಿತ್ತು.

ಮೊದಲ ಕಷ್ಟ ಅಂಗಿಯದು. ಕಾರ್ಖಾನೆಯಲ್ಲಿ ಕೆಲಸ ಮಾಡದವರಿಗೆ ಇದು ಅರ್ಥವಾಗುವುದಿಲ್ಲ. ಕೆಂಪು ಹಾಕಿದರೆ ಒಂದು ಯೂನಿಯನ್ನಿನವರದು, ನೀಲಿ ಹಾಕಿದರೆ ಇನ್ನೊಂದರದು, ಹಸಿರು ಹಾಕಿದರೆ ಮೂರನೆಯದು. ಹಳದಿ ಇರಲಿ ಎಂದರೆ ಹಿಂದಿನ ಚುನಾವಣೆಯಲ್ಲಿ ಸೋತು ಮುಚ್ಚಿಹೋದ ಯೂನಿಯನ್ನಿನ ಬಣ್ಣ ಅದು, ಅಪಶಕುನ. ಮೂರೂ ಯೂನಿಯನ್ನಿನ ಮುಖಂಡರು ನನ್ನ ಮೇಜಿನ ಮುಂದೆ ಕೂತು ಟೀ ಕುಡಿದು, ಒಮ್ಮತದಿಂದ ಏನನ್ನೂ ಒಪ್ಪದೆ ಎದ್ದು ಹೋದರು. ನಾನು ಶಿವಾಜಿನಗರದ ನಯಾಜ್ ಭಾಯಿಯ ಅಂಗಡಿಗೆ ಹೋದೆ. ಅವರು ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮದುವೆ ಶಾಮಿಯಾನ ಹೊಲಿಯುವವರು. ಅಲ್ಲಿ ಯಾವುದೋ ಮದುವೆಗೆ ತಂದು ಉಳಿದ ಬಟ್ಟೆಯ ಒಂದು ದೊಡ್ಡ ಸುರುಳಿ ಬಿದ್ದಿತ್ತು. ಕಣ್ಣು ಕುಕ್ಕುವ ಗುಲಾಬಿ ಬಣ್ಣ. ಪ್ರಪಂಚದ ಯಾವ ಯೂನಿಯನ್ನೂ ಅದನ್ನು ತನ್ನದೆನ್ನುವ ಹಾಗಿರಲಿಲ್ಲ.

"ಯೇ ಕಲರ್? ಮರ್ದಾಂ ಪೆಹೆನ್ತೇ ಕ್ಯಾ ಮೇಡಂ?" ಎಂದು ನಯಾಜ್ ಭಾಯಿ ಕೇಳಿದರು. ಗಂಡಸರು ಹಾಕ್ತಾರೇನಮ್ಮ ಇದನ್ನ ಎಂದು.

"ಹಾಕದೆ ಎಲ್ಲಿ ಹೋಗ್ತಾರೆ ಭಾಯ್, ಹೊಲೀರಿ," ಎಂದೆ.

ಚೆಂಡನ್ನೂ ಅದೇ ಗಲ್ಲಿಯ ಚರ್ಮದ ಅಂಗಡಿಯಲ್ಲಿ ಮಾಡಿಸಿದ್ದು. ಚಿತ್ರ ನೋಡಿ ಹೊಲಿದ ಆ ಚೆಂಡು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗಿತ್ತು. ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೆ ಎಂದು ಹೊಲಿದವನಿಗೂ ಗೊತ್ತಿಲ್ಲ, ದೇವರಿಗೂ ಗೊತ್ತಿಲ್ಲ. ಆದರೆ ಅದರಲ್ಲಿ ಅಭ್ಯಾಸ ಮಾಡಿದವರಿಗೆ ಆಮೇಲೆ ನಿಜವಾದ ರಗ್ಬಿ ಚೆಂಡು ಹಸುವಿನಷ್ಟು ಸಾಧುವಾಗಿ ಕಂಡಿತು.

ಅಭ್ಯಾಸದ ಮೊದಲ ದಿನವೇ ಒಬ್ಬ ಚೆಂಡು ಹಿಡಿದು ಚೆನ್ನಾಗಿ ಓಡಿದವನು ಮೈದಾನದ ನಡುವೆ ಗಕ್ಕನೆ ನಿಂತುಬಿಟ್ಟ.

"ಯಾಕೋ ನಿಂತೆ?"

"ಉಸಿರು ಮುಗೀತು ಮೇಡಂ."

"ಇನ್ನೊಂದು ಉಸಿರು ತಗೊಳೋ!"

"ತಗೊಂಡ್ರೆ ಔಟ್ ಅಲ್ವಾ?"

ಬಾಯಲ್ಲಿ ಕಬಡ್ಡಿ ಕಬಡ್ಡಿ ಹೇಳಿಕೊಂಡೇ ಓಡಿದ್ದ. ಇಪ್ಪತ್ತು ವರ್ಷ ಒಂದೇ ಉಸಿರಿನಲ್ಲಿ ಆಡಿದವರಿಗೆ ಉಸಿರಾಡಬಹುದು ಎಂದು ಕಲಿಸಲು ನನಗೆ ಒಂದು ವಾರ ಹಿಡಿಯಿತು.

ಇಷ್ಟರಲ್ಲಿ ಸೇಫ್ಟಿ ಆಫೀಸರ್ ಶ್ರೀನಿವಾಸಮೂರ್ತಿಗಳು ಬಂದು ಸೇರಿಕೊಂಡರು. ಕಾರ್ಖಾನೆಯಲ್ಲಿ ಯಾರಿಗೆ ಬೆರಳು ತರಚಿದರೂ ವರದಿ ಬರೆಯಬೇಕಾದವರು ಅವರು. ಸದಾ ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಅಂಗಾರ ಅಕ್ಷತೆ, ಮುಖದಲ್ಲಿ ಆತಂಕ. ಹದಿಮೂರು ಜನ ನೌಕರರು ಬೇಕೆಂದೇ ಒಬ್ಬರನ್ನೊಬ್ಬರು ನೆಲಕ್ಕೆ ಕೆಡವುವುದನ್ನು ನೋಡಿ ಅವರ ಬಣ್ಣವೇ ಇಳಿದುಹೋಯಿತು. "ಹೆಲ್ಮೆಟ್ ಹಾಕಿಸಿ ಮೇಡಂ," ಎಂದರು. ಆಗುವುದಿಲ್ಲ ಎಂದೆ. "ಹಾಗಾದ್ರೆ ಬೀಳೋ ಜಾಗದಲ್ಲಾದ್ರೂ ಮ್ಯಾಟ್ ಹಾಕಿಸಿ." ಎಲ್ಲಿ ಬೀಳುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ನಾವು ಸೋಲುವುದೇ ಇಲ್ಲ ಸಾರ್ ಎಂದೆ. ಕೊನೆಗೆ ಅವರೇ ಇಬ್ಬರು ಆಳು, ಒಂದು ಸ್ಟ್ರೆಚರ್, ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಸಮೇತ ಪ್ರತಿ ಆಟಕ್ಕೂ ಬರುವುದಾಗಿ ಘೋಷಿಸಿದರು.

ಮೊದಲ ಆಟ ರಿಚರ್ಡ್ಸ್ ಟೌನ್ ಕಡೆಯ ಒಂದು ಹಳೆಯ ಕ್ಲಬ್ಬಿನ ತಂಡದ ಮೇಲೆ. ತಲೆಮಾರುಗಳಿಂದ ಹಾಕಿ, ಫುಟ್ಬಾಲ್, ರಗ್ಬಿ ಎಲ್ಲ ಆಡಿದ ಮನೆತನದ ಹುಡುಗರು. ನಮ್ಮವರು ಗುಲಾಬಿ ಅಂಗಿಯಲ್ಲಿ ಲಾರಿಯಿಂದ ಇಳಿದಾಗ ಅವರ ಕಡೆಯ ಹೆಂಗಸರು ಚಪ್ಪಾಳೆ ತಟ್ಟಿದರು, ಬ್ಯಾಂಡ್‌ಸೆಟ್ಟಿನವರು ಅಂದುಕೊಂಡು.

ವಿರಾಮಕ್ಕೆ ಮುಂಚೆ ನಾವು ಹಿಂದೆ ಬಿದ್ದಿದ್ದೆವು. ವಿರಾಮದ ಮೇಲೆ ಮುನಿಸ್ವಾಮಿಯ ಕೈಗೆ ಚೆಂಡು ಸಿಕ್ಕಿತು. ಒಬ್ಬನನ್ನು ತಪ್ಪಿಸಿದ, ಇಬ್ಬರನ್ನು ತಪ್ಪಿಸಿದ, ಎದುರಿಗೆ ಯಾರೂ ಇಲ್ಲ. ಗೆರೆ ದಾಟಿದ. ನಾವೆಲ್ಲ ಹಾರಿ ಕುಣಿದೆವು. ಕುಣಿದು ನೋಡಿದರೆ ಚೆಂಡು ಕಂಕುಳಲ್ಲೇ ಇದೆ, ಇವನು ತಿರುಗಿ ವಾಪಸ್ಸು ಓಡಿ ಬರುತ್ತಿದ್ದಾನೆ! ಕಬಡ್ಡಿಯಲ್ಲಿ ಎದುರಾಳಿಯ ಅಂಗಳಕ್ಕೆ ಹೋದರೆ ಅಂಕವಿಲ್ಲ, ಮುಟ್ಟಿ ಕ್ಷೇಮವಾಗಿ ತನ್ನ ಕಡೆಗೆ ಮರಳಿದರೆ ಅಂಕ. ಪಾಪ, ಅವನ ಕಾಲಿಗೆ ಗೊತ್ತಿದ್ದದ್ದು ಅದೊಂದೇ. ದಾರಿಯಲ್ಲಿ ಸಿಕ್ಕ ಎದುರಾಳಿಗಳ ಭುಜ, ಮಂಡಿ ಎಲ್ಲವನ್ನೂ ಕೈಯಿಂದ ತಟ್ಟಿ ತಟ್ಟಿ ಅಂಕ ಸಂಪಾದಿಸಿಕೊಂಡು, ನಡುಗೆರೆಗೆ ಬಂದು ಎರಡೂ ಕೈ ಮೇಲೆತ್ತಿ ನಿಂತ.

ರೆಫರಿ ಕಂಟೋನ್ಮೆಂಟಿನ ಹಳೆಯ ಮನುಷ್ಯ. ವಿಷಲ್ ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತರು. "ವಾಟ್ ಮ್ಯಾನ್, ಎಲ್ಲಿಗೆ ಬಂದೆ ಮ್ಯಾನ್ ನೀನು?"

"ಮನೆಗೆ ಸಾರ್," ಎಂದ ಮುನಿಸ್ವಾಮಿ.

ನಾನು ಗೆರೆಯ ಹೊರಗಿನಿಂದ ಗಂಟಲು ಹರಿಯುವಂತೆ ಕೂಗಿದೆ. "ಚೆಂಡನ್ನ ಅಲ್ಲಿ ಇಟ್ಟು ಬರೋದು ಕಣೋ, ಮುಂಡೇದೇ! ಮನೆಗೆ ತರೋದಲ್ಲ!"

"ಈಗ ಹೋಗ್ಲಾ ಅಕ್ಕಾ?"

"ಹೋಗೋ!"

ಮತ್ತೆ ಓಡಿದ. ಹಿಡಿಯಬೇಕಾದ ಹದಿಮೂರು ಜನರಲ್ಲಿ ಅರ್ಧದಷ್ಟು ಜನ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಉರುಳಾಡುತ್ತಿದ್ದರು, ಉಳಿದವರಿಗೆ ಕಣ್ಣೀರಿನಲ್ಲಿ ದಾರಿ ಕಾಣುತ್ತಿರಲಿಲ್ಲ. ಮುನಿಸ್ವಾಮಿ ಎರಡನೇ ಸಲ ಗೆರೆ ದಾಟಿ, ದೇವರ ಮುಂದೆ ತೆಂಗಿನಕಾಯಿ ಇಡುವ ಹಾಗೆ ಚೆಂಡನ್ನು ಎರಡೂ ಕೈಯಲ್ಲಿ ನೆಲಕ್ಕಿಟ್ಟ. ಆ ನಗುವಿನಿಂದ ಅವರ ತಂಡ ಕೊನೆಯವರೆಗೂ ಚೇತರಿಸಿಕೊಳ್ಳಲಿಲ್ಲ. ಒಬ್ಬನಿಗೆ ನೆನಪು ಬಂದು ನಕ್ಕರೆ ಸಾಕು, ಎಲ್ಲರಿಗೂ ಅಂಟುತ್ತಿತ್ತು. ನಾವು ಗೆದ್ದೆವು.

ಎರಡನೇ ಆಟ ಸೆಮಿಫೈನಲ್. ಎದುರಾಳಿಗಳು ಇಂದಿರಾನಗರದ ನೂರಡಿ ರಸ್ತೆಯ ಒಂದು ಪಬ್ಬಿನಲ್ಲಿ ಹುಟ್ಟಿಕೊಂಡ ತಂಡ. ಇಲ್ಲಿನ ಆಫೀಸುಗಳಲ್ಲಿ ಕೆಲಸಕ್ಕಿದ್ದ ಪರದೇಶದವರು ಕೆಲವರು, ಅವರ ಜೊತೆ ಕುಡಿಯುವ ನಮ್ಮವರು ಕೆಲವರು. ಅವರ ನಾಯಕ ಬಾಗಿಲಿನಷ್ಟು ಅಗಲವಿದ್ದ. ನಮ್ಮ ಹುಡುಗರು ಅವನನ್ನು ನೋಡಿ ನನ್ನನ್ನು ನೋಡಿದರು.

"ಮಗಾ, ಇವ್ನನ್ನ ಹೆಂಗೋ ಹಿಡಿಯೋದು?"

"ಲಾರಿ ಕಣೋ ಅದು."

ನಾನು ಹೇಳಿದೆ, "ರಗ್ಬಿ ಮರ್ತುಬಿಡಿ. ಅವನು ರೈಡ್‌ಗೆ ಬಂದಿದ್ದಾನೆ ಅಂದ್ಕೊಳ್ಳಿ."

ಅಷ್ಟು ಸಾಕಾಯಿತು. ನಮ್ಮವರು ಕಬಡ್ಡಿಯಲ್ಲಿ ಮಾಡುವಂತೆ ಮೂರು ಮೂರು ಜನ ಕೈ ಕೈ ಹಿಡಿದು ಸರಪಳಿ ಕಟ್ಟಿ ನಿಂತರು. ಗುಲಾಬಿ ಅಂಗಿಯ ಗಂಡಸರು ಕೈ ಕೈ ಹಿಡಿದು ನಿಂತದ್ದನ್ನು ನೋಡಿ ಆ ನಾಯಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಚೆಂಡು ಹಿಡಿದು ನುಗ್ಗಿದ. ಸರಪಳಿ ಎರಡೂ ಕಡೆಯಿಂದ ಮಡಚಿಕೊಂಡಿತು, ನಡುವಿನವನು ಕೆಳಗೆ ಕೂತು ಪಾದದ ಗಂಟು ಹಿಡಿದ. ಲಾರಿ ಬಿತ್ತು. ಬಿದ್ದವನಿಗೆ ಏನಾಯಿತು ಎಂದೇ ತಿಳಿಯಲಿಲ್ಲ. ಕೈ ಹಿಡಿದುಕೊಳ್ಳಬಾರದು ಎಂದು ನಿಯಮ ಇದೆಯೇ ಎಂದು ರೆಫರಿ ಪುಸ್ತಕ ತಿರುವಿದರು, ಸಿಗಲಿಲ್ಲ. ಗೆರೆಯ ಪಕ್ಕದಲ್ಲಿ ಮೂರ್ತಿಗಳು ಮಾತ್ರ ಓಡೋಡಿ, "ನಿಧಾನ ರೀ, ನಿಧಾನ! ಕೆಳಗೆ ನೋಡ್ಕೊಂಡು ಓಡಿ!" ಎಂದು ಎರಡೂ ತಂಡದವರನ್ನು ಬೇಡಿಕೊಳ್ಳುತ್ತಿದ್ದರು. ನಾವು ಆಟ ಗೆದ್ದಮೇಲೆ ಆ ನಾಯಕ ನಮ್ಮವರನ್ನೆಲ್ಲ ಪಬ್ಬಿಗೆ ಕರೆದೊಯ್ದ. ಮುನಿಸ್ವಾಮಿ ಮಜ್ಜಿಗೆ ಕೇಳಿದ. ಎಲ್ಲಿಂದಲೋ ತರಿಸಿ ಕೊಟ್ಟರು.

ಹೀಗೆ ನಗುತ್ತ ನಗುತ್ತ ಫೈನಲ್ಲಿಗೆ ಬಂದುಬಿಟ್ಟೆವು. ಆಗ ಮಾತ್ರ ನನ್ನ ನಿದ್ದೆ ಹಾರಿಹೋಯಿತು. ಇನ್ನೊಂದು ಆಟ ಗೆದ್ದರೆ ಮುನಿಸ್ವಾಮಿಗೆ ಕೆಲಸ, ಸೋತರೆ ಜೀವನವಿಡೀ ದಿನಗೂಲಿ. ಕ್ಯಾಂಟೀನಿನಲ್ಲಿ ಎಲ್ಲರೂ ಅವನಿಗೆ ಒಂದು ಮೊಟ್ಟೆ ಹೆಚ್ಚಿಗೆ ಬಡಿಸುತ್ತಿದ್ದರು. ಮೂರೂ ಯೂನಿಯನ್ನಿನವರು ಸೇರಿ ಹಲಸೂರಿನ ದೇವಸ್ಥಾನದಲ್ಲಿ ಅವನ ಹೆಸರಿಗೆ ಅರ್ಚನೆ ಮಾಡಿಸಿದರು. ಅವರು ಸೇರಿ ಮಾಡಿದ ಕೆಲಸ ನನ್ನ ಸರ್ವೀಸಿನಲ್ಲಿ ಅದೊಂದೇ.

ಫೈನಲ್ ಹಲಸೂರಿನ ಕಡೆಯ ಒಂದು ಮೈದಾನದಲ್ಲಿ, ಒಂದು ದೊಡ್ಡ ಬ್ಯಾಂಕಿನ ತಂಡದ ಮೇಲೆ. ಅವರ ಕ್ರೀಡಾಧಿಕಾರಿ ಪೊನ್ನಪ್ಪ. ನಾವಿಬ್ಬರೂ ಒಂದೇ ಕಾಲಕ್ಕೆ ಕೆಲಸಕ್ಕೆ ಸೇರಿದವರು, ಸ್ನೇಹಿತರು, ಮತ್ತು ಪರಮ ಶತ್ರುಗಳು. ನನ್ನ ತಂಡದಲ್ಲಿ ಯಾರಾದರೂ ಚೆನ್ನಾಗಿ ಆಡಿದರೆ ಮಾರನೇ ತಿಂಗಳು ಅವರು ಪೊನ್ನಪ್ಪನ ಬ್ಯಾಂಕಿನ ಕೌಂಟರಿನಲ್ಲಿ ಕೂತಿರುತ್ತಿದ್ದರು. ನನ್ನ ಇಬ್ಬರು ಕಬಡ್ಡಿ ಹುಡುಗಿಯರನ್ನು ಹಾಗೆ ಹಾರಿಸಿಕೊಂಡು ಹೋಗಿದ್ದ.

ಆಟ ಬಿಗಿಯಾಗಿ ನಡೆಯಿತು. ಕೊನೆಯ ನಿಮಿಷ. ನಾವು ಎರಡು ಅಂಕ ಹಿಂದೆ. ಐದು ಸಲ ಹಿಡಿಸಿಕೊಂಡಾಗಿತ್ತು, ಇದೇ ಕೊನೆಯ ಅವಕಾಶ. ಚೆಂಡು ಮುನಿಸ್ವಾಮಿಯ ಕೈಗೆ ಬಂತು. ಗೆರೆಗೆ ಹತ್ತೇ ಹೆಜ್ಜೆ. ಒಬ್ಬ ಸೊಂಟ ಹಿಡಿದ, ಎಳೆದುಕೊಂಡೇ ನಡೆದ. ಇನ್ನೊಬ್ಬ ಕುತ್ತಿಗೆಗೆ ಜೋತುಬಿದ್ದ. ಎರಡು ಕಾಲಿಗೆ ಇಬ್ಬರು. ನಾಲ್ಕು ಜನರನ್ನೂ ಹೊತ್ತುಕೊಂಡು ನಮ್ಮ ಹುಡುಗ ಗೆರೆ ದಾಟಿದ. ದಾಟಿ ನಿಂತ.

ನಿಂತೇಬಿಟ್ಟ! ಬಿದ್ದಿದ್ದರೆ ಸಾಕಿತ್ತು. ಮುಗ್ಗರಿಸಿದ್ದರೂ ಸಾಕಿತ್ತು, ಚೆಂಡು ನೆಲ ಮುಟ್ಟುತ್ತಿತ್ತು. ಆದರೆ ಕಬಡ್ಡಿ ರೈಡರಿಗೆ ಬೀಳುವುದೆಂದರೆ ಸಾಯುವುದು. ಕಾಲ ಮೇಲೆ ನಿಂತಿರುವವರೆಗೆ ಅವನು ಜೀವಂತ, ಬಿದ್ದರೆ ಮೇಲೆ ಏಳು ಜನ ಕೂರುತ್ತಾರೆ. ಹಿಡಿತ ಬಿಗಿಯಾದಷ್ಟೂ ಮುನಿಸ್ವಾಮಿ ಕಾಲು ಅಗಲಿಸಿ ನೆಟ್ಟಗಾದ.

"ಬೀಳೋ!" ಎಂದು ನಾನು ಕಿರುಚಿದೆ.

"ಬಿದ್ದುಬಿಡೋ ಗುರು!" ಎಂದು ಹನ್ನೆರಡು ಜನ ಕಿರುಚಿದರು.

"ಬಿದ್ದುಬಿಡಪ್ಪಾ, ನಾನಿದೀನಿ!" ಎಂದು ಮೂರ್ತಿಗಳೂ ಕೂಗಿದರು. ಸೇಫ್ಟಿ ಆಫೀಸರೊಬ್ಬರು ಹಾಗೆ ಕೂಗಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅವನು ಬೀಳಲಿಲ್ಲ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಧ್ವಜಸ್ತಂಭದ ಹಾಗೆ ನಿಂತಿದ್ದ. ರೆಫರಿ ಕಾದು ಕಾದು ವಿಷಲ್ ಊದಿದರು. ಆರನೇ ಹಿಡಿತ. ಆಟ ಮುಗಿಯಿತು. ನಾವು ಸೋತಿದ್ದೆವು.

ನಾಲ್ಕೂ ಜನ ಇಳಿದು ಹೋದಮೇಲೆ ಅವನು ಕಣ್ಣು ಬಿಟ್ಟ. ನನ್ನ ಕಡೆ ನೋಡಿ, "ಬೀಳಿಸಕ್ಕೆ ಬಿಡ್ಲಿಲ್ಲ ಮೇಡಂ," ಎಂದ. ಹೆಮ್ಮೆಯಿಂದಲೇ ಹೇಳಿದ. ಸೋತೆವು ಎಂದು ಹುಡುಗರು ಯಾರೋ ಅವನಿಗೆ ಮೆಲ್ಲಗೆ ತಿಳಿಸಿದರು. ಅವನ ಮುಖದಲ್ಲಿ ಆದದ್ದನ್ನು ಬರೆಯಲಾರೆ. ನನಗೆ ಅಳು ಬಂತು.

ಸಾಹೇಬರು ಕುರ್ಚಿಯಿಂದ ಎದ್ದು ಬಂದರು. "ಸೋತ್ಬಿಟ್ರಲ್ಲ ಸರೋಜಾ ಅವ್ರೇ. ನಾನೂ ಏನೂ ಮಾಡಕ್ಕಾಗಲ್ಲ ಈಗ," ಎಂದು ಮುಖ ಸಿಂಡರಿಸಿ ಹಿಂದಕ್ಕೆ ಹೋದರು.

ಅಷ್ಟರಲ್ಲಿ ಪೊನ್ನಪ್ಪ ನನ್ನ ಬಳಿ ಬಂದ. ಗೆದ್ದವನ ಹಾಗೆ ಕಾಣಲಿಲ್ಲ, ಸಂತೆಯಲ್ಲಿ ಒಳ್ಳೆ ಎತ್ತು ಕಂಡವನ ಹಾಗೆ ಕಂಡ. "ಸರೋಜಾ, ನನ್ನ ನಾಲ್ಕು ಜನ ಜೋತುಬಿದ್ರೂ ಅಲ್ಲಾಡಲಿಲ್ಲವಲ್ಲ, ಯಾರದು? ನಿಮ್ಮ ನೌಕರರ ಪಟ್ಟಿಯಲ್ಲಿ ಇಲ್ಲವಂತೆ? ಸೋಮವಾರ ಬ್ಯಾಂಕಿಗೆ ಕಳಿಸು. ಬೀಳೋದು ನಾನು ಕಲಿಸ್ತೀನಿ."

ಆ ಕ್ಷಣ ಅವನ ಕಾಲಿಗೆ ಬೀಳಬೇಕು ಅನ್ನಿಸಿತು. ಆದರೆ ಇಷ್ಟು ವರ್ಷ ಆಫೀಸರುಗಳ ನಡುವೆ ಬದುಕಿದ ಬುದ್ಧಿ ಎಲ್ಲಿ ಹೋಗುತ್ತದೆ? ಹೊಸಬರೇ, ಗಮನವಿಟ್ಟು ಓದಿ. ಮೇಲಿನವರ ಹತ್ತಿರ ಒಂದು ವಸ್ತುವಿಗೆ ಬೆಲೆ ಕಟ್ಟಿಸಬೇಕಾದರೆ ನೀವು ಹೊಗಳಬೇಡಿ. ಬೇರೆಯವರಿಂದ ಕೇಳಿಸಿ.

"ನನ್ನದೇನಿಲ್ಲ ಪೊನ್ನಪ್ಪ," ಎಂದೆ. "ಕಳಿಸ್ತೀನಿ. ಒಂದು ಮಾತು ನಮ್ಮ ಸಾಹೇಬ್ರಿಗೆ ಹೇಳ್ಬಿಡು, ಮರ್ಯಾದೆಗೆ. ಅವ್ರೇನೂ ಅನ್ನಲ್ಲ."

ಪೊನ್ನಪ್ಪ ಮೀಸೆ ತೀಡಿಕೊಂಡು ಹೋಗಿ, ನಾಲ್ಕು ಜನ ದೊಡ್ಡವರ ಮುಂದೆಯೇ ಕೇಳಿದ. "ಸಾರ್, ನಿಮಗೆ ಬೇಡವಾದ ಆ ಹುಡುಗನನ್ನ ನಾವು ತಗೊಳ್ತೀವಿ."

"ಬೇಡ ಅಂತ ಯಾರ್ರೀ ಹೇಳಿದ್ದು?" ಸಾಹೇಬರ ಧ್ವನಿ ಅರ್ಧ ಮೈದಾನಕ್ಕೆ ಕೇಳಿಸಿತು.

"ದಿನಗೂಲಿ ಅಂತ ಕೇಳಿದೆ ಸಾರ್."

"ಅವ್ನು ನಮ್ಮ ಹುಡುಗ ರೀ! ನಾಲ್ಕು ಜನ ಹಿಡಿದ್ರೂ ಬೀಳದ ಹುಡುಗ! ನಿಮ್ಮ ಬ್ಯಾಂಕಿಗೆ ಕೊಟ್ಟು ನಾನೇನು ನೋಡ್ತಾ ಕೂರ್ಲಾ? ಸೋಮವಾರದಿಂದ ಅವ್ನು ಪರ್ಮನೆಂಟ್! ಸರೋಜಾ ಅವ್ರೇ, ಕೇಳಿಸ್ತಾ?"

ಕೇಳಿಸದೆ ಏನು! ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಮೈದಾನದ ಆ ತುದಿಗೆ ಓಡಿದೆ. ಮುನಿಸ್ವಾಮಿ ಇನ್ನೂ ಅದೇ ಗೆರೆಯ ಆಚೆ, ಅದೇ ಜಾಗದಲ್ಲಿ, ತಲೆ ತಗ್ಗಿಸಿ ನಿಂತಿದ್ದ. ಎರಡೂ ಭುಜ ಹಿಡಿದು ಅಲ್ಲಾಡಿಸಿ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವನು ನನ್ನ ಮುಖವನ್ನೇ ನೋಡಿದ. ಮೊದಲು ಮಂಡಿ ಮಡಚಿತು, ಆಮೇಲೆ ಸೊಂಟ, ಆಮೇಲೆ ಇಡೀ ಮನುಷ್ಯ ದೊಪ್ಪನೆ ನೆಲಕ್ಕೆ ಬಿದ್ದ. ಮಣ್ಣಿನಲ್ಲಿ ಮುಖವಿಟ್ಟು ಮಗುವಿನ ಹಾಗೆ ಅತ್ತ.

ಅತ್ತ ಕಡೆಯಿಂದ ಮೂರ್ತಿಗಳು ಸ್ಟ್ರೆಚರ್ ಹಿಡಿಸಿಕೊಂಡು, ಏದುಸಿರು ಬಿಡುತ್ತ ಓಡಿ ಬಂದರು. "ಏನಾಯ್ತು ಮೇಡಂ? ಎಲ್ಲಿಗೆ ಏಟು? ಅಯ್ಯೋ, ಏನಾಯ್ತು ಹೇಳಿ!"

"ಏಟಲ್ಲ ಸಾರ್," ಎಂದೆ. "ಪರ್ಮನೆಂಟ್ ಆದ."

ಮೂರ್ತಿಗಳು ಬಗ್ಗಿ ಅವನ ಕೈಕಾಲು ಮುಟ್ಟಿ ನೋಡಿದರು. ಆಮೇಲೆ, "ಆದರೂ ಮಲಗಿಸ್ರೋ," ಎಂದರು ಆಳುಗಳಿಗೆ. ಅವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಹನ್ನೆರಡು ಗುಲಾಬಿ ಅಂಗಿಗಳೂ ಹೆಗಲು ಕೊಟ್ಟು, ಗೆದ್ದ ತಂಡ ಕಪ್ ಹಿಡಿದು ನೋಡುತ್ತಿದ್ದಂತೆಯೇ ಮೈದಾನದ ಸುತ್ತ ಒಂದು ಸುತ್ತು ಮೆರವಣಿಗೆ ಮಾಡಿದೆವು.